ಟೊಂಕದ ಗುಳಿಗೆ ಕೆಲಸ ಮಾಡುವುದು ತಲೆಯಲ್ಲಿ



ನಮ್ಮ ತುರೋರಿಯ ಕಡೆ, ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ, "ಟೊಂಕ ಹಿಡಿದದ" ಎಂಬ ಮಾತು ಕೇಳದ ಮನೆ ಇರಲಾರದು. ಸೋಯಾಬೀನ್ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ, ಕಬ್ಬು ಕಡಿದು ಹೊರೆ ಹೊರುವವರಿಗೆ, ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಲಾರಿ ನಡೆಸುವವರಿಗೆ ಈ ನೋವು ತಪ್ಪಿದ್ದಲ್ಲ. ಔಷಧಿ ಅಂಗಡಿಗೆ ಹೋಗಿ "ಟೊಂಕದ ಗುಳಿಗೆ ಕೊಡ್ರಿ" ಎಂದರೆ ಒಂದು ಪಟ್ಟಿ ಕೈಗೆ ಬರುತ್ತದೆ. ನುಂಗಿದ ಒಂದು ತಾಸಿಗೆ ನೋವು ಇಳಿಯುತ್ತದೆ. ಜೊತೆಗೆ ಕಣ್ಣು ಎಳೆಯುತ್ತದೆ, ಬಾಯಿ ಒಣಗುತ್ತದೆ, ಎದ್ದು ನಿಂತರೆ ಜೋಲಿ ಹೋಗುತ್ತದೆ. "ಗುಳಿಗೆ ಗರಂ ಅದ" ಎಂದು ಹೇಳಿ ಜನ ಸುಮ್ಮನಾಗುತ್ತಾರೆ.

ಗುಳಿಗೆಗೆ ಗರಮ್ಮೂ ಇಲ್ಲ, ತಂಪೂ ಇಲ್ಲ. ಟೊಂಕಕ್ಕೆ ತೆಗೆದುಕೊಂಡ ಗುಳಿಗೆಯಿಂದ ನಿದ್ದೆ ಏಕೆ ಬರಬೇಕು? ಈ ಒಂದು ಪ್ರಶ್ನೆಗೆ ಉತ್ತರ ತಿಳಿದರೆ, ಆ ಗುಳಿಗೆಯನ್ನು ಯಾವಾಗ ನುಂಗಬೇಕು, ಯಾವಾಗ ಮುಟ್ಟಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಓದಿದ್ದು ಮ್ಯಾಟ್ರಿಕ್. ಪುಸ್ತಕ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ದಿನದ ಕೊನೆಗೆ ಲೆಕ್ಕ ಒಪ್ಪಿಸುವ ಹಾಗೆ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಸ್ನಾಯುವಿನ ಮಾತು. ಈ ಶಬ್ದ ಕನ್ನಡಕ್ಕೂ ಮರಾಠಿಗೂ ಒಂದೇ ಆಗಿರುವುದು ನಮ್ಮಂಥ ಗಡಿಯವರಿಗೆ ಅನುಕೂಲ. ಸ್ನಾಯು ತಾನಾಗಿ ಬಿಗಿಯುವುದಿಲ್ಲ. ಬೆನ್ನೆಲುಬಿನ ಒಳಗೆ ಹೆಬ್ಬೆರಳಿಗಿಂತ ತೆಳ್ಳಗಿನ ಬೆನ್ನುಹುರಿ ಇದೆ. ಅದರಲ್ಲಿರುವ ನರಕೋಶಗಳಿಂದ ಸಣ್ಣ ವಿದ್ಯುತ್ ಮಿಡಿತಗಳು ಹೊರಟು ಸ್ನಾಯುವನ್ನು ತಲುಪಿದಾಗ ಅದು ಬಿಗಿಯುತ್ತದೆ. ಸುಮ್ಮನೆ ಕುಳಿತಾಗಲೂ ಈ ಅಪ್ಪಣೆಗಳು ಪೂರ್ತಿ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಕತ್ತು ಬೀಳದೆ ನಿಂತಿರುತ್ತದೆ. ಎಲ್ಲೋ ಉಳುಕಿದಾಗ, ನೋವಿನ ಸುದ್ದಿ ಬೆನ್ನುಹುರಿಗೆ ಮುಟ್ಟಿ, ಅಲ್ಲಿಂದ ಬಿಗಿಯುವ ಅಪ್ಪಣೆ ಇನ್ನೂ ಹೆಚ್ಚಾಗಿ ಬರುತ್ತದೆ. ಅದನ್ನೇ ನಾವು "ಹಿಡಿದುಕೊಂಡಿದೆ" ಎನ್ನುತ್ತೇವೆ.

ಈ ಬಿಗಿತವನ್ನು ಸಡಿಲಿಸುವ ಔಷಧಿಗಳಲ್ಲಿ ಎರಡು ಜಾತಿ ಇವೆ.

ಒಂದು ಜಾತಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಳಕೆಯಾಗುತ್ತದೆ. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷ ಈ ಜಾತಿಯ ಮೂಲ. 1942ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹೆರಾಲ್ಡ್ ಗ್ರಿಫಿತ್ ಎಂಬ ವೈದ್ಯರು ಅದನ್ನು ಅರಿವಳಿಕೆಯ ಜೊತೆಯಲ್ಲಿ ಯಶಸ್ವಿಯಾಗಿ ಬಳಸಿದರು. ಅದು ನರವೂ ಸ್ನಾಯುವೂ ಕೂಡುವ ಜಾಗದಲ್ಲಿ ಅಪ್ಪಣೆಯನ್ನು ತಡೆಯುತ್ತದೆ. ಮಿದುಳಿಗೆ ಹೋಗುವುದಿಲ್ಲ, ಏಕೆಂದರೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ದಾಟುವ ಶಕ್ತಿ ಅದಕ್ಕಿಲ್ಲ. ಇದನ್ನು ಖಚಿತ ಮಾಡಿಕೊಳ್ಳಲು, 1947ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಮೆರಿಕದ ಸ್ಕಾಟ್ ಸ್ಮಿತ್ ಎಂಬ ವೈದ್ಯರು ತಮ್ಮ ಮೈಗೇ ಈ ಔಷಧಿಯನ್ನು ಚುಚ್ಚಿಸಿಕೊಂಡರು. ಕೈಕಾಲು ನಿಂತವು, ಉಸಿರಾಟದ ಸ್ನಾಯುಗಳೂ ನಿಂತವು. ಜೊತೆಯಲ್ಲಿದ್ದವರು ಕೃತಕ ಉಸಿರು ಕೊಟ್ಟು ಕಾಪಾಡಿದರು. ಚೇತರಿಸಿಕೊಂಡ ಮೇಲೆ ಅವರು ಹೇಳಿದ್ದು, ಅಷ್ಟು ಹೊತ್ತೂ ತಮಗೆ ಪೂರ್ಣ ಎಚ್ಚರವಿತ್ತು, ಎಲ್ಲವೂ ಕೇಳಿಸುತ್ತಿತ್ತು, ನೋವೂ ತಿಳಿಯುತ್ತಿತ್ತು ಎಂದು. ಅಂದರೆ ಸ್ನಾಯು ಸಂಪೂರ್ಣ ಸಡಿಲವಾದರೂ ಒಂದು ಚೂರೂ ನಿದ್ದೆ ಬರಲಿಲ್ಲ.

ನಾವು ನುಂಗುವ ಗುಳಿಗೆ ಎರಡನೆಯ ಜಾತಿಯದು. ಅದರಿಂದ ನಿದ್ದೆ ಬರುತ್ತದೆ ಎಂದರೆ ಅದು ಮಿದುಳಿಗೆ ಹೋಗುತ್ತದೆ ಎಂದೇ ಅರ್ಥ. ಈ ಜಾತಿಯಲ್ಲಿ ಹಲವು ಔಷಧಿಗಳಿವೆ. ಚೆನ್ನಾಗಿ ಅಭ್ಯಾಸವಾದ, ನಮ್ಮ ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಟಿಜಾನಿಡಿನ್ ಎಂಬುದನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಕಂಪನಿಗೊಂದು ಹೆಸರಿನಲ್ಲಿ, ಬಹಳ ಸಲ ಪ್ಯಾರಾಸಿಟಮಾಲ್ ಅಥವಾ ಅಸೆಕ್ಲೋಫೆನಾಕ್‌ನಂಥ ನೋವಿನ ಔಷಧಿಯ ಜೊತೆ ಸೇರಿಸಿ ಇದನ್ನು ಮಾರುತ್ತಾರೆ. ನಿಜವಾದ ಹೆಸರು ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಈ ಗುಳಿಗೆ ಹೋಗುವ ಜಾಗ ಯಾವುದು? ಕತ್ತಿನ ಹಿಂಭಾಗ ತಲೆಬುರುಡೆಯನ್ನು ಸೇರುವ ಕಡೆ ಬೆರಳಿಡಿ. ಅದರ ಒಳಗೆ, ಮಿದುಳು ಬೆನ್ನುಹುರಿಯಾಗಿ ಕೆಳಗಿಳಿಯುವಲ್ಲಿ, ಗಿಡದ ಕಾಂಡದಂತಹ ಒಂದು ಭಾಗವಿದೆ. ಅದಕ್ಕೆ ಮಿದುಳು ಕಾಂಡ ಎಂದು ಹೆಸರು. ಉದ್ದದಲ್ಲಿ ಒಂದು ಬೆರಳಿನಷ್ಟು. ಆದರೆ ಉಸಿರಾಟ, ಎದೆಬಡಿತ, ರಕ್ತದ ಒತ್ತಡ, ಎಚ್ಚರ, ನಿದ್ದೆ ಇವೆಲ್ಲವನ್ನೂ ನಡೆಸುವ ಕೇಂದ್ರಗಳು ಇಲ್ಲಿವೆ. ಸ್ನಾಯುಗಳ ಬಿಗಿತವನ್ನು ಏರಿಸುವ, ಇಳಿಸುವ ಕೇಂದ್ರಗಳೂ ಇಲ್ಲಿಯೇ ಇವೆ. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1898ರಲ್ಲಿ ಇದನ್ನು ತೋರಿಸಿದರು. ಬೆಕ್ಕಿನಲ್ಲಿ ಮೇಲಿನ ದೊಡ್ಡ ಮಿದುಳಿಗೂ ಕಾಂಡಕ್ಕೂ ಇರುವ ಸಂಬಂಧವನ್ನು ಕಡಿದಾಗ, ನಾಲ್ಕು ಕಾಲುಗಳೂ ಕಂಬದಂತೆ ಸೆಟೆದು ನಿಂತವು. ಮೇಲಿನಿಂದ ಹೇಳುವವರಿಲ್ಲದಾಗ ಕಾಂಡದಿಂದ ಹೊರಡುವ "ಬಿಗಿ" ಎಂಬ ಅಪ್ಪಣೆ ಅಂಕೆ ಮೀರುತ್ತದೆ. 1946ರಲ್ಲಿ ಅಮೆರಿಕದ ಮ್ಯಾಗೂನ್ ಮತ್ತು ರೈನ್ಸ್ ಎಂಬ ಸಂಶೋಧಕರು, ಇದೇ ಕಾಂಡದ ಕೆಳಭಾಗದಲ್ಲಿ "ಸಡಿಲಿಸು" ಎನ್ನುವ ಜಾಗವೂ ಇದೆ ಎಂದು ಕಂಡುಕೊಂಡರು.

ಈ ಕಾಂಡದ ನಡುಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ನೀಲಿ ಛಾಯೆಯ ಎರಡು ಚಿಕ್ಕ ಗುಂಪುಗಳಿವೆ. ಲ್ಯಾಟಿನ್ ಭಾಷೆಯಲ್ಲಿ ಲೋಕಸ್ ಸೆರುಲಿಯಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ನೀಲಿ ತಾಣ ಎನ್ನೋಣ. ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ, ಇಲ್ಲಿರುವವು ಕೆಲವು ಹತ್ತು ಸಾವಿರ ಮಾತ್ರ. ಆದರೆ ಇವುಗಳ ಎಳೆಗಳು ಮೇಲೆ ಮಿದುಳಿನ ಮೂಲೆಮೂಲೆಗೂ, ಕೆಳಗೆ ಬೆನ್ನುಹುರಿಗೂ ಹರಡಿವೆ. ಎಳೆಗಳ ತುದಿಯಲ್ಲಿ ಇವು ನಾರ್‌ಅಡ್ರಿನಲಿನ್ ಎಂಬ ರಸವನ್ನು ಬಿಡುತ್ತವೆ. ಮೇಲೆ ಬಿಟ್ಟ ರಸ ನಮ್ಮನ್ನು ಎಚ್ಚರವಾಗಿಡುತ್ತದೆ. ಕೆಳಗೆ ಬಿಟ್ಟ ರಸ ಬೆನ್ನುಹುರಿಯ ನರಕೋಶಗಳನ್ನು ಚುರುಕುಗೊಳಿಸಿ ಸ್ನಾಯುಗಳನ್ನು ಬಿಗಿಯಾಗಿಡಲು ನೆರವಾಗುತ್ತದೆ.

ಇಲಿಗಳಲ್ಲಿ ಅಳೆದು ನೋಡಿದಾಗ, ಎಚ್ಚರವಿರುವಾಗ ಈ ನೀಲಿ ತಾಣದ ಕೋಶಗಳು ಸೆಕೆಂಡಿಗೆ ಒಂದೆರಡು ಬಾರಿ ಎಡೆಬಿಡದೆ ಮಿಡಿಯುತ್ತವೆ. ನಿದ್ದೆ ಬಂದಾಗ ನಿಧಾನವಾಗುತ್ತವೆ. ಕನಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಮೌನವಾಗುತ್ತವೆ. ಕನಸಿನ ಹೊತ್ತಿನಲ್ಲಿ ಉಸಿರಾಟದ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟು ಮೈಯ ಸ್ನಾಯುಗಳೆಲ್ಲ ಸಡಿಲವಾಗಿ ಬಿದ್ದಿರುತ್ತವೆ ಎಂಬುದನ್ನು ಫ್ರಾನ್ಸಿನ ಮಿಶೆಲ್ ಜುವೆ 1959ರಲ್ಲಿ ಬೆಕ್ಕುಗಳಲ್ಲಿ ತೋರಿಸಿದ್ದರು. ನೀಲಿ ತಾಣದ ಮೌನವೊಂದೇ ಅದಕ್ಕೆ ಕಾರಣವಲ್ಲ. ಆದರೂ ನಿದ್ದೆಯೂ ಸಡಿಲವೂ ಒಂದೇ ಕಾಂಡದಲ್ಲಿ ಜೊತೆಜೊತೆಯಾಗಿ ನಡೆಯುವ ಕೆಲಸಗಳು ಎಂಬುದನ್ನು ಇಲ್ಲಿ ಗಮನಿಸಬೇಕು.

ಈಗ ಗುಳಿಗೆ ಇಲ್ಲಿ ಏನು ಮಾಡುತ್ತದೆ ನೋಡೋಣ. ನನಗೆ ಚೆನ್ನಾಗಿ ಗೊತ್ತಿರುವುದು ಬ್ಯಾಂಕು. ಅದರದೇ ಉದಾಹರಣೆ ಕೊಡುತ್ತೇನೆ. ಕಂಪ್ಯೂಟರ್ ಬರುವ ಮೊದಲು ಗಿರಾಕಿಯಿಂದ ಚೆಕ್ಕು ಪಡೆದು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಚೆಕ್ಕು ಲೆಡ್ಜರಿನಲ್ಲಿ ಪಾಸಾಗಿ ಕ್ಯಾಶಿಯರ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಚೆಕ್ಕುಗಳ ರಾಶಿ ಬಿದ್ದರೆ ಕ್ಯಾಶಿಯರು ಜವಾನನ ಕೈಯಲ್ಲಿ "ಸ್ವಲ್ಪ ತಡೀರಿ" ಎಂದು ಹೇಳಿ ಕಳಿಸುತ್ತಿದ್ದರು. ನಾವು ಕೈ ನಿಧಾನ ಮಾಡುತ್ತಿದ್ದೆವು. ರಾಶಿ ಕರಗಿದ ಮೇಲೆ ಮತ್ತೆ ಮೊದಲಿನ ವೇಗ. ನೀಲಿ ತಾಣದ ಕೋಶಗಳಲ್ಲಿಯೂ ಇಂಥದೇ ವ್ಯವಸ್ಥೆ ಇದೆ. ಅವು ಬಿಟ್ಟ ರಸ ಹೆಚ್ಚಾದಾಗ, ಅದೇ ರಸ ತಿರುಗಿ ಬಂದು ಕೋಶದ ಮೈಮೇಲಿರುವ ಒಂದು ಬಾಗಿಲನ್ನು ತಟ್ಟಿ "ತಡಿ" ಎನ್ನುತ್ತದೆ. ಆ ಬಾಗಿಲಿಗೆ ಆಲ್ಫಾ-2 ಗ್ರಾಹಕ ಎಂದು ಹೆಸರು. ಟಿಜಾನಿಡಿನ್ ತಟ್ಟುವುದೂ ಅದೇ ಬಾಗಿಲನ್ನು. ರಾಶಿ ಬೀಳದಿದ್ದರೂ "ತಡೀರಿ" ಎಂಬ ಸಂದೇಶ ಬಂದಂತಾಯಿತು. ಕೋಶ ಅದನ್ನು ನಂಬುತ್ತದೆ.

ನಂಬಿದ ಮೇಲೆ ಏನಾಗುತ್ತದೆ? ಕೋಶದ ಒಳಗೆ ಪೊಟ್ಯಾಸಿಯಂ ಎಂಬ ಲವಣಾಂಶ ಹೇರಳವಾಗಿರುತ್ತದೆ. ಬಾಗಿಲು ತಟ್ಟಿದಾಗ ಪೊಟ್ಯಾಸಿಯಂ ಹೊರಹೋಗುವ ದಾರಿಗಳು ತೆರೆಯುತ್ತವೆ. ಧನ ವಿದ್ಯುದಂಶವುಳ್ಳ ಈ ಕಣಗಳು ಹೊರಬಿದ್ದಷ್ಟೂ ಕೋಶದ ಒಳಗೆ ಋಣ ಹೆಚ್ಚುತ್ತದೆ. ಒಳಗಿನ ಋಣ ಒಂದು ಮಟ್ಟಕ್ಕಿಂತ ಕಡಿಮೆಯಾದಾಗ ಮಾತ್ರ ಕೋಶ ಮಿಡಿಯಬಲ್ಲದು. ಆದುದರಿಂದ ಮಿಡಿತಗಳು ವಿರಳವಾಗುತ್ತವೆ. ನೀಲಿ ತಾಣದ ರಸ ಬೆನ್ನುಹುರಿಗೆ ಕಡಿಮೆ ಇಳಿಯುತ್ತದೆ, ಅಲ್ಲಿಯ ನರಕೋಶಗಳ ಚುರುಕು ತಗ್ಗುತ್ತದೆ, ಸ್ನಾಯು ಸಡಿಲುತ್ತದೆ. ಪಾಲ್ಮೇರಿ ಮತ್ತು ವೀಸೆನ್‌ಡಾಂಗರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಯಿತು. ಇಲಿಗಳಲ್ಲಿ ನೀಲಿ ತಾಣದ ಮಿಡಿತ ತಗ್ಗುವುದೂ ಕಾಲಿನ ಸ್ನಾಯು ತಟ್ಟನೆ ಬಿಗಿಯುವ ಪ್ರತಿಕ್ರಿಯೆ ತಗ್ಗುವುದೂ ಜೊತೆಯಾಗಿ ಕಂಡವು. ಇದಲ್ಲದೆ ಟಿಜಾನಿಡಿನ್ ಬೆನ್ನುಹುರಿಯಲ್ಲಿಯೂ ನೇರವಾಗಿ ಕೆಲಸ ಮಾಡುತ್ತದೆ. ಅಲ್ಲಿ ಒಂದು ನರಕೋಶ ಮತ್ತೊಂದನ್ನು ಕೆರಳಿಸಲು ಬಿಡುವ ರಸವನ್ನೇ ಕಡಿಮೆ ಮಾಡುತ್ತದೆ. ಒಟ್ಟಿನಲ್ಲಿ ನೋವು ಟೊಂಕದಲ್ಲಿದ್ದರೂ ಗುಳಿಗೆ ಬಿಗಿತ ಇಳಿಸುವುದು ಅಪ್ಪಣೆ ಹೊರಡುವ ಕಚೇರಿಯಲ್ಲಿ.

ನಿದ್ದೆ ಏಕೆ ಎಂಬುದಕ್ಕೆ ಈಗ ಉತ್ತರ ಸಿಕ್ಕಿತಲ್ಲವೇ? ನಮ್ಮನ್ನು ಎಚ್ಚರವಾಗಿಡುವ ಕೋಶಗಳನ್ನೇ ಗುಳಿಗೆ ತಡೆಯುತ್ತದೆ. ಈ ಮನೆತನದ ಹಿರಿಯಣ್ಣನಾದ ಕ್ಲೊನಿಡಿನ್ ಎಂಬ ಔಷಧಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1960ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ಅದನ್ನು ತಯಾರಿಸಿದ್ದು ಕಟ್ಟಿದ ಮೂಗು ಬಿಡಿಸಲು. ಪರೀಕ್ಷೆ ಮಾಡಿದಾಗ ಅದು ಗಾಢ ನಿದ್ದೆ ತರಿಸಿ, ರಕ್ತದ ಒತ್ತಡವನ್ನು ಇಳಿಸಿತು. ಕೊನೆಗೆ ಅದು ಬಿ.ಪಿ.ಯ ಔಷಧಿಯಾಯಿತು. ಮಿದುಳು ಕಾಂಡದ ಕೆಳಭಾಗದಲ್ಲಿ ರಕ್ತದ ಒತ್ತಡವನ್ನು ಎತ್ತಿ ಹಿಡಿಯುವ ಕೋಶಗಳಿವೆ. ಈ ಮನೆತನದ ಔಷಧಿಗಳು ಅವುಗಳನ್ನೂ ತಗ್ಗಿಸುತ್ತವೆ. ಗುಳಿಗೆ ನುಂಗಿ ಮಲಗಿದವರು ಫಕ್ಕನೆ ಎದ್ದರೆ ಜೋಲಿ ಹೋಗುವುದು ಇದರಿಂದ. ಇದೇ ಮನೆತನದ ಡೆಕ್ಸ್‌ಮೆಡೆಟೊಮಿಡಿನ್ ಎಂಬುದನ್ನು ದೊಡ್ಡ ದವಾಖಾನೆಗಳ ತೀವ್ರ ನಿಗಾ ಘಟಕಗಳಲ್ಲಿ ರೋಗಿಯನ್ನು ಮಲಗಿಸಲೆಂದೇ ಕೊಡುತ್ತಾರೆ. ಹೀಗಾಗಿ ನಿದ್ದೆ, ತಲೆತಿರುಗು, ಸಡಿಲ ಈ ಮೂರೂ ಒಂದೇ ಬಾಗಿಲು ತಟ್ಟಿದ್ದರ ಫಲ. ಸಡಿಲ ಮಾತ್ರ ಇರಲಿ, ಉಳಿದೆರಡು ಬೇಡ ಎಂದರೆ ಆಗದು.

ಹಾಗಾದರೆ ಈ ಗುಳಿಗೆ ಕೆಟ್ಟದ್ದೇ? ಖಂಡಿತ ಅಲ್ಲ. ಲಕ್ವಾ ಹೊಡೆದವರಲ್ಲಿ, ಬಿದ್ದು ಬೆನ್ನುಹುರಿಗೆ ಪೆಟ್ಟಾದವರಲ್ಲಿ ಕೈಕಾಲು ಸೆಟೆದು ಮರದಂತಾಗುತ್ತವೆ. ಬಟ್ಟೆ ಹಾಕುವುದೂ ಮೈ ತೊಳೆಯುವುದೂ ನೋಡಿಕೊಳ್ಳುವವರಿಗೆ ದೊಡ್ಡ ಸಾಹಸ. ಅಂಥವರಿಗೆ ಇದು ವರದಾನ. ಈ ಗುಳಿಗೆ ಹುಟ್ಟಿದ್ದೇ ಅವರಂಥವರಿಗಾಗಿ. ಅವರಲ್ಲಿಯೂ ಒಂದು ಸೂಕ್ಷ್ಮವಿದೆ: ಕೆಲವರು ಆ ಸೆಟೆತದ ಬಲದಿಂದಲೇ ನಿಂತು ನಾಲ್ಕು ಹೆಜ್ಜೆ ಇಡುತ್ತಿರುತ್ತಾರೆ. ಗುಳಿಗೆ ಕಾಲನ್ನು ಸಡಿಲಿಸಿದರೆ ಅವರು ಕುಸಿಯಬಹುದು. ಆದ್ದರಿಂದ ಲಾತೂರು, ಸೋಲಾಪುರ, ಬೀದರ್‌ಗಳ ಸರಕಾರಿ ವೈದ್ಯಕೀಯ ಕಾಲೇಜುಗಳ ದವಾಖಾನೆಯಂಥ ಕಡೆ ತೋರಿಸಿ, ಸ್ವಲ್ಪದಿಂದ ಆರಂಭಿಸಿ, ನೋಡುತ್ತ ಏರಿಸಬೇಕು.

ಸಾಮಾನ್ಯ ಟೊಂಕದ ನೋವಿಗೆ ಇದರ ಉಪಯೋಗ ಎಷ್ಟು? 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಇಂಥ ಔಷಧಿಗಳ 31 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವರದಿ ಬಂದಿದೆ. ಹೊಸದಾಗಿ ಬಂದ ನೋವಿನಲ್ಲಿ, ಮೊದಲ ಎರಡು ವಾರದೊಳಗೆ, 100ರ ಅಳತೆಯಲ್ಲಿ ಸುಮಾರು 8ರಷ್ಟು ನೋವು ಕಡಿಮೆಯಾಗಬಹುದು, ಅದೂ ಖಚಿತವಲ್ಲ ಎಂಬುದು ಅದರ ಸಾರ. ನಾಲ್ಕೆಂಟು ದಿನ ವೈದ್ಯರ ಮಾತಿನಂತೆ ತೆಗೆದುಕೊಂಡರೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಬಡ್ಡಿಯೇ ಅಸಲನ್ನು ಮೀರುತ್ತದೆ.

ಇಲ್ಲಿಯವರೆಗೆ ತಿಳಿದದ್ದನ್ನು ನಮ್ಮ ದಿನದ ಬಾಳಿಗೆ ಹೊಂದಿಸಿಕೊಳ್ಳೋಣ.

ನುಂಗಿದ ಒಂದು, ಒಂದೂವರೆ ತಾಸಿಗೆ ಈ ಗುಳಿಗೆಯ ಅಂಶ ರಕ್ತದಲ್ಲಿ ಅತಿ ಹೆಚ್ಚಾಗಿರುತ್ತದೆ. ಪರಿಣಾಮ ಮೂರರಿಂದ ಆರು ತಾಸು ಇರುತ್ತದೆ. ಆ ಹೊತ್ತಿನಲ್ಲಿ ಮೋಟರ್‌ಸೈಕಲ್, ಟ್ರ್ಯಾಕ್ಟರ್, ಲಾರಿ ನಡೆಸಬಾರದು. ರಾಶಿ ಮಾಡುವ ಯಂತ್ರದ ಮುಂದೆ ನಿಲ್ಲಬಾರದು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಬಾವಿಯ ಕಡೆಗೆ ಹೋಗುವವರು ಅಂದು ಇನ್ನೊಬ್ಬರನ್ನು ಕಳಿಸಬೇಕು.

ಮನೆಯ ಆಯಿ, ಮುತ್ಯಾ ಇಂಥ ಗುಳಿಗೆ ತೆಗೆದುಕೊಂಡಿದ್ದರೆ, ರಾತ್ರಿ ಬಹಿರ್ದೆಸೆಗೆ ಎದ್ದಾಗ ಮೊದಲು ಹಾಸಿಗೆಯ ಮೇಲೆ ಎರಡು ನಿಮಿಷ ಕೂಡಿಸಿ, ಆಮೇಲೆ ಕೈಹಿಡಿದು ನಿಲ್ಲಿಸಿ. ಮುಪ್ಪಿನಲ್ಲಿ, ಮೂತ್ರಪಿಂಡ ಕುಂದಿದಾಗ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಆ ವಯಸ್ಸಿನಲ್ಲಿ ಒಮ್ಮೆ ಬಿದ್ದು ತೊಡೆಯ ಎಲುಬು ಮುರಿದರೆ ಟೊಂಕದ ನೋವೇ ಲೇಸಾಗಿತ್ತು ಎನಿಸುತ್ತದೆ.

ಸೆರೆಯ ಜೊತೆ ಈ ಗುಳಿಗೆ ಎಂದಿಗೂ ಕೂಡದು. ಸೆರೆಯೂ ಮಿದುಳನ್ನೇ ಮಂದ ಮಾಡುವ ವಸ್ತು. ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ಇನ್ನೊಂದು ಎಚ್ಚರಿಕೆ ಬಹಳ ಜನಕ್ಕೆ ತಿಳಿದಿಲ್ಲ. ಭೇದಿಗೆ, ಉರಿಮೂತ್ರಕ್ಕೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಗುಳಿಗೆ ಕೊಡುವುದುಂಟು. ಟಿಜಾನಿಡಿನ್ ಅನ್ನು ಒಡೆದು ಹಾಕುವ ಯಕೃತ್ತಿನ ಕೆಲಸವನ್ನು ಅದು ನಿಲ್ಲಿಸುತ್ತದೆ. ಜಮಾ ಆಗುತ್ತಲೇ ಇದ್ದು ಖರ್ಚು ನಿಂತರೆ ಬಾಕಿ ಎಷ್ಟಾದೀತು? 2004ರಲ್ಲಿ ಫಿನ್ಲೆಂಡಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 4 ಮಿಲಿಗ್ರಾಂ ಟಿಜಾನಿಡಿನ್ ಕೊಟ್ಟು ಅಳೆದರು. ಸಿಪ್ರೊಫ್ಲಾಕ್ಸಾಸಿನ್ ಜೊತೆಗಿದ್ದಾಗ ದೇಹಕ್ಕೆ ದಕ್ಕಿದ ಪ್ರಮಾಣ ಸರಾಸರಿ 10 ಪಟ್ಟಾಯಿತು, ರಕ್ತದ ಒತ್ತಡ ಕುಸಿಯಿತು. ಮಾನಸಿಕ ಕಾಯಿಲೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆಗೆ ಇದು 33 ಪಟ್ಟು. ಈ ಎರಡರ ಜೊತೆ ಟಿಜಾನಿಡಿನ್ ನಿಷಿದ್ಧ. ಗರ್ಭನಿರೋಧಕ ಗುಳಿಗೆ ನುಂಗುವ ಹೆಣ್ಣುಮಕ್ಕಳಲ್ಲಿಯೂ ಪ್ರಮಾಣ ಏರುತ್ತದೆ. ಅವರೂ ಮೊದಲೇ ತಿಳಿಸಬೇಕು.

ಬಹಳ ದಿನ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡವರು ಒಮ್ಮೆಲೇ ಬಿಡಬಾರದು. ತಡೆ ಹಿಡಿದ ಕೋಶಗಳು ಒಟ್ಟಿಗೆ ಎದ್ದರೆ ರಕ್ತದ ಒತ್ತಡ, ಎದೆಬಡಿತ ಏರುತ್ತವೆ. ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಸಡಿಲಿಸುವ ಗುಳಿಗೆಗಳೆಲ್ಲ ಒಂದೇ ಅಲ್ಲ ಎಂಬುದೂ ನೆನಪಿರಲಿ. ಮಳೆಗಾಲದಲ್ಲಿ ಬೇಲಿಯಲ್ಲಿ ಕೆಂಪು-ಹಳದಿ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯನ್ನು, ಮರಾಠಿಯ ಕಳಲಾವಿಯನ್ನು, ನೀವು ಕಂಡಿರಬಹುದು. ಆ ಗಿಡ ವಿಷ, ಮುಟ್ಟಿ ತಿನ್ನುವಂಥದಲ್ಲ. ಅದರ ಅಂಶದಿಂದ ತಯಾರಾಗುವ ಥಯೋಕಾಲ್ಚಿಕೊಸೈಡ್ ಎಂಬ ಸಡಿಲಿಸುವ ಔಷಧಿಯೂ ಇಲ್ಲಿ ಬಳಕೆಯಲ್ಲಿದೆ. ಅದರ ದಾರಿ ಬೇರೆ. ಮೂರ್ಛೆರೋಗ ಇರುವವರಲ್ಲಿ ಅದು ಸೆಳವು ತರಿಸಬಹುದು. 2013ರಲ್ಲಿ ಯುರೋಪಿನ ಔಷಧ ಸಂಸ್ಥೆಯು ಅದನ್ನು ಬಾಯಿಯ ಮೂಲಕ 7 ದಿನಕ್ಕಿಂತ ಹೆಚ್ಚು ಕೊಡಬಾರದು, ಗರ್ಭಿಣಿಯರಿಗೆ ಕೊಡಲೇಬಾರದು ಎಂದು ಸೂಚಿಸಿತು. ಆದ್ದರಿಂದ "ನೆರೆಮನೆಯವರಿಗೆ ನೆಟ್ಟಗಾಯಿತು, ನಮಗೂ ಅದೇ ಕೊಡ್ರಿ" ಎನ್ನುವುದು ಸರಿಯಲ್ಲ.

ಕೊನೆಯದಾಗಿ ನಮ್ಮ ಗಡಿಯವರಿಗೇ ಸೇರಿದ ಒಂದು ಮಾತು. ಮನೆಯಲ್ಲಿ ಕನ್ನಡ ಮಾತ್ರ ಆಡುವ ಹಿರಿಯರು ವೈದ್ಯರ ಮುಂದೆ ಮರಾಠಿ ಬಾರದೆ "ಸರಿ, ಸರಿ" ಎಂದು ತಲೆಯಾಡಿಸಿ ಬರುತ್ತಾರೆ. "ಜೋಲಿ ಹೋಗ್ತದ" ಎಂಬುದು ವೈದ್ಯರಿಗೆ ತಿಳಿಯದೆ ಹೋದರೆ ಗುಳಿಗೆಯ ಪ್ರಮಾಣ ಇಳಿಯುವುದಿಲ್ಲ. ಅವರಿಗೆ ಎರಡು ವಾಕ್ಯ ಕಲಿಸಿಕೊಡಿ. "ಉಠ್ಲಂ ಕೀ ಚಕ್ಕರ್ ಯೇತೆ" ಎಂದರೆ, ಎದ್ದರೆ ತಲೆ ತಿರುಗುತ್ತದೆ. "ದಿವಸಾ ಝೋಪ್ ಯೇತೆ" ಎಂದರೆ, ಹಗಲಿನಲ್ಲಿ ನಿದ್ದೆ ಬರುತ್ತದೆ. ಜೊತೆಗೆ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ಕಳಿಸಿ. ಬಾಯಿ ಹೇಳಲಾಗದ್ದನ್ನು ಚೀಲ ಹೇಳುತ್ತದೆ.

ಔಷಧಿ ಅಂಗಡಿಯಲ್ಲಿ ಇನ್ನು ಮುಂದೆ ಹೀಗೆ ಕೇಳಿ: "ಇದರಾಗ ಟಿಜಾನಿಡಿನ್ ಅದ ಏನ್ರಿ? ನಾ ಬ್ಯಾರೆ ಈ ಗುಳಿಗಿ ತಗೋತೀನಿ, ಕೂಡಿ ನಡೀತದೇನು?" ಚೀಟಿ ಇಲ್ಲದೆ ಕೊಡುವಂತಿಲ್ಲ ಎಂದು ಅಂಗಡಿಯವರು ಹೇಳಿದರೆ ಸಿಟ್ಟಾಗಬೇಡಿ, ಕಾನೂನು ಹೇಳುವುದೂ ಅದನ್ನೇ. ಟೊಂಕಕ್ಕೆಂದು ನಾವು ನುಂಗುವ ಆ ಗುಳಿಗೆ, ನಮ್ಮ ಎಚ್ಚರವನ್ನೂ ರಕ್ತದ ಒತ್ತಡವನ್ನೂ ಕಾಯುವ ಬೆರಳುದ್ದದ ಕಾಂಡಕ್ಕೆ ಹೋಗಿ ಮುಟ್ಟುತ್ತದೆ. ಅಷ್ಟು ತಿಳಿದು ನುಂಗಿದರೆ ಸಾಕು.